ಹಳೆಯ ವಾಷಿಂಗ್ ಮೆಷಿನ್ ಸೋರುತ್ತಿದೆಯಾ? ಬಿಚ್ಚುವ ಮೊದಲು ಗಡಿಯಾರ ನೋಡಿ

"ಮೆಷಿನ್ ಕೆಳಗೆ ನೀರು ನಿಲ್ಲುತ್ತೆ, ಏನು ಮಾಡ್ಲಿ?" ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತಲೇ ಇದೆ. ಕೇಳುವವರಲ್ಲಿ ಜಾಸ್ತಿ ಮಂದಿಯ ಹತ್ತಿರ ಇರುವುದು 20–30 ವರ್ಷ ಹಳೆಯ ಮೆಷಿನ್. ರಿಪೇರಿಗೆ ಬಂದವರು ಒಮ್ಮೆ ಬಗ್ಗಿ ನೋಡಿ, "ಇದಕ್ಕೆ ಪಾರ್ಟ್ ಸಿಗಲ್ಲ, ಹೊಸದು ತಗೊಳ್ಳಿ" ಅಂದುಬಿಡುತ್ತಾರೆ. ಅದು ಅರ್ಧ ಮಾತ್ರ ನಿಜ. ಕಂಪನಿಯ ಹೆಸರು ಹೇಳಿ ಕೇಳಿದರೆ ಸಿಗದ ಎಷ್ಟೋ ಭಾಗಗಳು ಅಳತೆ ಹೇಳಿ ಕೇಳಿದರೆ ಸಿಗುತ್ತವೆ. ಸೋರಿಕೆಗೆ ಬೇಕಾಗುವುದಾದರೂ ಏನು? ರಬ್ಬರ್, ಕ್ಲಿಪ್, ಹೆಚ್ಚೆಂದರೆ ಒಂದು ಸೀಲ್ (ನೀರು ತಡೆಯುವ ರಬ್ಬರ್ ಬಳೆ), ಎರಡು ಬೇರಿಂಗ್ (ತಿರುಗುವ ದಂಡವನ್ನು ಹಿಡಿದಿಡುವ ಗುಂಡುಗಳ ಬಳೆ).

ಕಷ್ಟ ಇರುವುದು ಎಲ್ಲಿ ಸೋರುತ್ತಿದೆ ಅಂತ ಹಿಡಿಯುವುದರಲ್ಲಿ. ನೀರು ಬಿದ್ದ ಜಾಗಕ್ಕೂ ಸೋರುವ ಜಾಗಕ್ಕೂ ಸಂಬಂಧವೇ ಇರಬೇಕಿಲ್ಲ. ಮೇಲಿನ ಪೈಪಿನಿಂದ ಜಿನುಗಿದ ನೀರು ಟಬ್ಬಿನ ಹೊರಮೈ ಹಿಡಿದು, ವೈರಿನ ಕಟ್ಟು ಹಿಡಿದು ಇಳಿದು, ನೆಲ ಎಲ್ಲಿ ತಗ್ಗೋ ಅಲ್ಲಿ ಹೋಗಿ ನಿಲ್ಲುತ್ತದೆ. ನಾನೇ ಒಮ್ಮೆ ನೀರು ಕಂಡ ಕಡೆ ಇದ್ದ ಪಂಪ್ ಬದಲಿಸಿದ್ದೆ. ಸೋರುತ್ತಿದ್ದದ್ದು ಅದಕ್ಕಿಂತ ಎರಡು ಅಡಿ ಮೇಲಿನ ಹೋಸ್. ಪಂಪ್ ತಪ್ಪೇನೂ ಮಾಡಿರಲಿಲ್ಲ.

ಕೈಗೆ ಬೇಕಾದದ್ದು ಇಷ್ಟು: ಟಾರ್ಚ್, ಹಳೆಯ ಪೇಪರ್‌ಗಳು, ಒಣ ಬಟ್ಟೆ, ಅಗಲವಾದ ತಟ್ಟೆ, ಸ್ಕ್ರೂಡ್ರೈವರ್, ಇಕ್ಕಳ, ಸ್ಪ್ಯಾನರ್, ಸ್ವಲ್ಪ ಪೌಡರ್ (ಮುಖಕ್ಕೆ ಹಚ್ಚುವುದೇ ಸಾಕು), ಒಂದು ಬಕೆಟ್. ಮತ್ತೆ ಫೋನಿನ ಕ್ಯಾಮೆರಾ. ಬಿಚ್ಚುವ ಪ್ರತಿಯೊಂದನ್ನೂ ಬಿಚ್ಚುವ ಮೊದಲು ಒಂದು ಫೋಟೋ ತೆಗೆಯಿರಿ. ಹಳೆಯ ಮೆಷಿನ್‌ಗೆ ಚಿತ್ರ ಇರುವ ಕೈಪಿಡಿ ಸಿಗುವುದು ಕಷ್ಟ, ಈ ಫೋಟೋಗಳೇ ನಿಮ್ಮ ಕೈಪಿಡಿ.

1. ಪ್ಲಗ್ ಕೀಳಿ, ನಲ್ಲಿ ಮುಚ್ಚಿ

ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ಗನ್ನೇ ಹೊರಗೆ ತೆಗೆಯಿರಿ. ನೆಲ ಒದ್ದೆ ಇದ್ದರೆ ಪ್ಲಗ್ ಮುಟ್ಟುವ ಮೊದಲು ಮೇನ್ ಸ್ವಿಚ್ ಇಳಿಸಿ. ಒಳಗೆ ಮೋಟಾರಿನ ಹತ್ತಿರ ಡಬ್ಬಿಯಂಥ ಒಂದು ಭಾಗ ಇರಬಹುದು. ಅದು ಕೆಪಾಸಿಟರ್, ಮೋಟಾರಿಗೆ ಶುರುವಿನಲ್ಲಿ ತಳ್ಳು ಕೊಡುವಂಥದ್ದು. ಪ್ಲಗ್ ತೆಗೆದ ಮೇಲೂ ಅದರಲ್ಲಿ ಕರೆಂಟ್ ಉಳಿದಿರಬಹುದು. ಅದರ ತುದಿಗಳನ್ನು ಮುಟ್ಟಬೇಡಿ.

ಮೆಷಿನ್ ಮೈ ಮುಟ್ಟಿದರೆ ಯಾವಾಗಲಾದರೂ ಜುಮ್ ಅಂದಿದೆಯಾ? ಹಾಗಿದ್ದರೆ ಇಲ್ಲಿಗೇ ನಿಲ್ಲಿಸಿ, ಎಲೆಕ್ಟ್ರಿಷಿಯನ್‌ಗೆ ಅರ್ಥಿಂಗ್ ತೋರಿಸಿ. ಸೋರಿಕೆ ಆಮೇಲೆ ನೋಡಿದರಾಯಿತು.

ಮೆಷಿನ್ನನ್ನು ಒಬ್ಬರೇ ಓರೆ ಮಾಡಲು ಹೋಗಬೇಡಿ. ಫ್ರಂಟ್ ಲೋಡ್, ಅಂದರೆ ಮುಂದೆ ಬಾಗಿಲಿರುವ ಮೆಷಿನ್‌ಗಳಲ್ಲಿ ಕುಲುಕದಿರಲಿ ಅಂತ ಕಾಂಕ್ರೀಟಿನ ತುಂಡೇ ಕೂರಿಸಿರುತ್ತಾರೆ. ತೂಕ 60 ಕಿಲೋ ದಾಟುವುದು ಮಾಮೂಲು.

2. ಅದು ಮೆಷಿನ್‌ನ ನೀರೇನಾ?

ಸುಮ್ನೆ ಕೇಳುತ್ತಿಲ್ಲ. ಗೋಡೆಯ ನಲ್ಲಿಯ ಬುಡ ಜಿನುಗಿ, ಪೈಪಿನ ಮೇಲೆಯೇ ಇಳಿದು ಮೆಷಿನ್ ಹಿಂದೆ ಬೀಳುವುದುಂಟು. ನೆಲದ ಮೋರಿ ಕಟ್ಟಿಕೊಂಡು, ಮೆಷಿನ್ ಬಿಟ್ಟ ನೀರು ವಾಪಸ್ ಉಕ್ಕುವುದೂ ಉಂಟು. ಇವೆರಡನ್ನೂ ಮೊದಲು ನೋಡಿ.

ಆಮೇಲೆ ಬಿದ್ದ ನೀರನ್ನು ಬಿಳಿ ಬಟ್ಟೆಯಿಂದ ಒರೆಸಿ. ತಿಳಿ ನೀರಾದರೆ ಒಳಗೆ ಬರುವ ದಾರಿಯಲ್ಲಿ ತೊಂದರೆ. ಸೋಪಿನ ನೀರಾದರೆ ಟಬ್ಬಿನಿಂದ ಮುಂದೆ ಎಲ್ಲೋ. ಕೆಂಚಗಿದ್ದರೆ ತುಕ್ಕು. ಕಪ್ಪಗೆ, ಬೆರಳಿಗೆ ಜಿಡ್ಡು ಹತ್ತಿದರೆ ಅದು ಗೇರ್‌ಬಾಕ್ಸ್ ಎಣ್ಣೆ ಅಥವಾ ಬೇರಿಂಗ್ ಗ್ರೀಸ್. ಬಟ್ಟೆ ಒಗೆಯುವ ಮೆಷಿನ್ ಕೆಳಗೆ ಎಣ್ಣೆ ಕಂಡರೆ ಅದನ್ನು ಮುಂದೂಡಬೇಡಿ, 6ನೇ ಹಂತದ ಕೊನೆಯ ಭಾಗಕ್ಕೆ ಬನ್ನಿ.

3. ಒಣಗಿಸಿ, ಪೇಪರ್ ಹಾಸಿ

ಮೆಷಿನ್ನನ್ನು ಗೋಡೆಯಿಂದ ಎಳೆದು, ಸುತ್ತ ಓಡಾಡುವಷ್ಟು ಜಾಗ ಮಾಡಿ. ಕೆಳಗೆ, ಒಳಗೆ, ಹೋಸ್‌ಗಳ ಮೇಲೆ ಎಲ್ಲ ಒರೆಸಿ. ಆಮೇಲೆ ಮೆಷಿನ್ ಕೆಳಗೆ ಪೇಪರ್ ಹಾಸಿ, ಅದರ ಮೇಲೆ ಪೆನ್ನಿನಲ್ಲಿ ಮುಂದೆ, ಹಿಂದೆ, ಎಡ, ಬಲ ಅಂತ ಬರೆಯಿರಿ. ಪೇಪರಿನ ಮೇಲೆ ಮೊದಲ ಹನಿ ಚೆನ್ನಾಗಿ ಕಾಣುತ್ತದೆ. ನಮಗೆ ಬೇಕಾದದ್ದು ಆ ಮೊದಲ ಹನಿ. ಕೊಳವಾದ ಮೇಲೆ ನೋಡಿದರೆ ಏನೂ ತಿಳಿಯುವುದಿಲ್ಲ.

4. ಯಾವಾಗ ಸೋರುತ್ತದೆ? ಇಡೀ ಕೆಲಸದ ಜೀವ ಇರುವುದು ಇಲ್ಲೇ

ಮೆಷಿನ್ ನೀರು ತುಂಬುತ್ತದೆ, ಒಗೆಯುತ್ತದೆ, ನೀರು ಹೊರಹಾಕುತ್ತದೆ, ಬಟ್ಟೆ ಹಿಂಡುತ್ತದೆ. ಇವುಗಳಲ್ಲಿ ಯಾವ ಹೊತ್ತಿಗೆ ಮೊದಲ ಹನಿ ಬಿತ್ತು ಅನ್ನುವುದು ಗೊತ್ತಾದರೆ ಹುಡುಕುವ ಜಾಗ ಹತ್ತರಿಂದ ಎರಡಕ್ಕೆ ಇಳಿಯುತ್ತದೆ.

ಮೊದಲು ಕರೆಂಟ್ ಇಲ್ಲದೆ ನೋಡಿ. ಪ್ಲಗ್ ಹೊರಗಿರಲಿ, ಬಕೆಟ್‌ನಿಂದ ನೀವೇ ನೀರು ತುಂಬಿ. ಟಾಪ್ ಲೋಡ್, ಅಂದರೆ ಮೇಲೆ ಮುಚ್ಚಳ ಇರುವ ಮೆಷಿನ್ ಆದರೆ ನೇರ ಟಬ್ಬಿಗೆ. ಫ್ರಂಟ್ ಲೋಡ್ ಆದರೆ ಸೋಪಿನ ಡ್ರಾಯರ್ ಮೂಲಕ ನಿಧಾನಕ್ಕೆ, ನೀರು ಬಾಗಿಲಿನ ಅಂಚಿಗಿಂತ ಕೆಳಗೇ ಇರುವಂತೆ. ಅರ್ಧ ಗಂಟೆ ಬಿಡಿ. ಈಗಲೇ ಹನಿ ಬಿದ್ದರೆ ಟಬ್, ಟಬ್ಬಿನ ತಳದ ಹೋಸ್, ಪಂಪ್, ಟಬ್ ಸೀಲ್ (ತಿರುಗುವ ದಂಡ ಟಬ್ಬಿನಿಂದ ಹೊರಬರುವ ಕಡೆಯ ರಬ್ಬರ್) ಈ ನಾಲ್ಕರಲ್ಲಿ ಒಂದು. ನೀರು ಬರುವ ಕಡೆಯ ಪೈಪು, ವಾಲ್ವ್ ಮೇಲೆ ಅನುಮಾನ ಪಡುವ ಹಾಗೇ ಇಲ್ಲ, ಅವುಗಳಲ್ಲಿ ನೀರೇ ಓಡಿಲ್ಲವಲ್ಲ.

ಆ ಅರ್ಧ ಗಂಟೆ ಒಣಗಿಯೇ ಇದ್ದರೆ ಪ್ಲಗ್ ಹಾಕಿ, ನಲ್ಲಿ ತೆರೆದು, ಬಟ್ಟೆ ಹಾಕದೆ ಒಂದು ಸುತ್ತು ಓಡಿಸಿ. ಪಕ್ಕದಲ್ಲಿ ಕುಳಿತು ಗಡಿಯಾರ ನೋಡುತ್ತಿರಿ. ಈ ಹೊತ್ತಿನಲ್ಲಿ ಯಾವ ಹಲಗೆಯನ್ನೂ ಬಿಚ್ಚಿಡಬೇಡಿ.

ತುಂಬುವಾಗ ಸೋರಿದರೆ: ನಲ್ಲಿಯಿಂದ ಬರುವ ಹೋಸ್, ಅದರ ವಾಷರ್, ಇನ್‌ಲೆಟ್ ವಾಲ್ವ್ (ಕರೆಂಟಿನಿಂದ ತೆರೆದು ಮುಚ್ಚುವ ಒಳಗಿನ ನಲ್ಲಿ), ಸೋಪಿನ ಡ್ರಾಯರ್.

ಒಗೆಯುವಾಗ ಸೋರಿದರೆ: ಫ್ರಂಟ್ ಲೋಡಿನಲ್ಲಿ ಬಾಗಿಲಿನ ರಬ್ಬರ್. ಟಾಪ್ ಲೋಡಿನಲ್ಲಿ ನೀರು ಮಿತಿಮೀರಿ ತುಂಬಿ ಅಂಚಿನಿಂದ ಚೆಲ್ಲುತ್ತಿರಬಹುದು. ಎರಡರಲ್ಲೂ ನೊರೆ ಜಾಸ್ತಿಯಾಗಿರಬಹುದು. ಕೈಯಲ್ಲಿ ಒಗೆಯುವ ಪೌಡರ್ ಹಾಕಿದರೆ ಫ್ರಂಟ್ ಲೋಡಿನಲ್ಲಿ ನೊರೆ ಉಕ್ಕಿ ಡ್ರಾಯರ್‌ನಿಂದಲೇ ಹೊರಬರುತ್ತದೆ. ಅದು ಸೋರಿಕೆಯೇ ಅಲ್ಲ, ಪೌಡರ್ ಬದಲಿಸಿ.

ನೀರು ಬಿಡುವಾಗ ಸೋರಿದರೆ: ಪಂಪ್ ಮತ್ತು ಹೊರಹೋಗುವ ಹೋಸ್. ಈ ಹೋಸಿನ ತೂತು ಮೋಸ ಮಾಡುತ್ತದೆ. ನೀರು ಒತ್ತಡದಿಂದ ಹೋಗುವ ಆ ಒಂದೆರಡು ನಿಮಿಷ ಮಾತ್ರ ಚಿಮ್ಮಿ, ಆಮೇಲೆ ಏನೂ ಆಗಿಲ್ಲ ಅನ್ನುವ ಹಾಗೆ ಇರುತ್ತದೆ.

ಹಿಂಡುವಾಗ ಮಾತ್ರ ಸೋರಿದರೆ: ಟಬ್ ಸೀಲ್, ಇಲ್ಲವೇ ಟಬ್ ಕುಲುಕಿದಾಗ ಎಳೆದಾಡುವ ಯಾವುದಾದರೂ ಸಡಿಲ ಹೋಸ್.

ಏನೂ ಓಡಿಸದಿದ್ದರೂ ಬೆಳಗ್ಗೆ ಎದ್ದಾಗ ನೀರು ಇದ್ದರೆ: ಬಹುಶಃ ಇನ್‌ಲೆಟ್ ವಾಲ್ವ್ ಪೂರ್ತಿ ಮುಚ್ಚುತ್ತಿಲ್ಲ. ಹನಿ ಹನಿಯಾಗಿ ಟಬ್ ತುಂಬಿ ಚೆಲ್ಲಿರುತ್ತದೆ.

ಒಗೆಯಲು ಒಂದು, ಹಿಂಡಲು ಇನ್ನೊಂದು ಅಂತ ಎರಡು ಟಬ್ ಇರುವ ಸೆಮಿ ಆಟೋಮ್ಯಾಟಿಕ್ ಮೆಷಿನ್‌ನಲ್ಲಿ ಇನ್ನೊಂದು ದೂರು ಬರುತ್ತದೆ: ಗುಂಡಿ "ವಾಷ್" ಕಡೆ ಇದ್ದರೂ ಡ್ರೈನ್ ಪೈಪಿನಿಂದ ನೀರು ಹೋಗುತ್ತಲೇ ಇರುತ್ತದೆ. ಒಳಗಿನ ರಬ್ಬರ್ ಬಿರಡೆಯ ಕೆಳಗೆ ಅಂಗಿಯ ಗುಂಡಿಯೋ ನೂಲೋ ಸಿಕ್ಕಿಕೊಂಡಿರುತ್ತದೆ. ಮುಚ್ಚಳ ತಿರುಗಿಸಿ ತೆಗೆದು ತೊಳೆದರೆ ಬಹಳ ಸಲ ಅಷ್ಟಕ್ಕೇ ಮುಗಿಯುತ್ತದೆ. ರಬ್ಬರಿನ ಅಂಚು ಸವೆದಿದ್ದರೆ ಬದಲಿಸಿ.

5. ಈಗ ಹಲಗೆ ತೆಗೆದು ನೋಡಿ

ಪ್ಲಗ್ ಮತ್ತೆ ಹೊರಗೆ. ಟಾರ್ಚ್ ಬಿಟ್ಟು ನೋಡಿ. ಹಳೆಯ ಸೋರಿಕೆ ತನ್ನ ಗುರುತು ಬಿಟ್ಟೇ ಇರುತ್ತದೆ. ಸೋಪಿನ ನೀರು ಒಣಗಿದ ಕಡೆ ಬಿಳಿ ಗೆರೆ, ಕಬ್ಬಿಣದ ಮೇಲೆ ತುಕ್ಕಿನ ಗೆರೆ. ಆ ಗೆರೆಯ ಕೆಳತುದಿ ಬಿಡಿ, ಅದು ಶುರುವಾಗುವ ಮೇಲಿನ ತುದಿ ಹುಡುಕಿ.

ಗುರುತು ಇಲ್ಲದಿದ್ದರೆ ಅನುಮಾನ ಇರುವ ಹೋಸ್, ಜಾಯಿಂಟ್‌ಗಳ ಮೇಲೆ ಪೌಡರ್ ಉದುರಿಸಿ, ಮತ್ತೆ ಬಕೆಟ್‌ನಿಂದ ನೀರು ತುಂಬಿ. ಒಂದು ಹನಿ ಇಳಿದರೂ ಪೌಡರ್ ಮೇಲೆ ಗೀರು ಬೀಳುತ್ತದೆ. ಎರಡು ಕಡೆ ಅನುಮಾನ ಇದ್ದರೆ ಟಬ್ಬಿನ ನೀರಿಗೆ ಸ್ವಲ್ಪ ಅಡುಗೆ ಬಣ್ಣ ಹಾಕಿ. ಬಣ್ಣದ ಹನಿ ಬಿದ್ದರೆ ಟಬ್ ಕಡೆಯದು, ತಿಳಿ ಹನಿ ಬಿದ್ದರೆ ನಲ್ಲಿ ಕಡೆಯದು.

6. ಸರಿಪಡಿಸುವುದು

ಹೋಸ್ ಮತ್ತು ಕ್ಲಿಪ್. ಹಳೆಯ ಮೆಷಿನ್ ಅಂದರೆ ನಾನು ಮೊದಲು ಅನುಮಾನ ಪಡುವುದು ಇವನ್ನೇ. ಹೋಸನ್ನು ಬೆರಳಲ್ಲಿ ಅಮುಕಿ, ಬಗ್ಗಿಸಿ. ಮೆತ್ತಗಿದ್ದರೆ ಸರಿ. ಗಟ್ಟಿಯಾಗಿ, ಬಗ್ಗಿಸಿದ ಕಡೆ ಸಣ್ಣ ಸಣ್ಣ ಬಿರುಕು ಬಾಯಿ ಬಿಟ್ಟರೆ ಅದರ ಕಾಲ ಮುಗಿದಿದೆ. ಬಿರುಕು ತುದಿಯಲ್ಲಿ ಮಾತ್ರ ಇದ್ದು, ಹೋಸ್ ಉದ್ದ ಸಾಕಷ್ಟಿದ್ದರೆ 2 ಸೆಂ.ಮೀ. ಕತ್ತರಿಸಿ ಮತ್ತೆ ಕೂರಿಸಬಹುದು. ಹೊಸದು ತರುವುದಾದರೆ ಹಳೆಯದನ್ನೇ ಕೈಯಲ್ಲಿ ಹಿಡಿದುಕೊಂಡು ಹೋಗಿ. ಒಳ ವ್ಯಾಸ, ಉದ್ದ, ಬಾಗಿದ ಆಕಾರ ಈ ಮೂರೂ ಹೊಂದಬೇಕು. ನೇರ ಹೋಸನ್ನು ಬಲವಂತದಿಂದ ಬಗ್ಗಿಸಿದರೆ ಮಡಿಕೆ ಬಿದ್ದು ನೀರೇ ಹೋಗುವುದಿಲ್ಲ.

ಸ್ಪ್ರಿಂಗ್ ಕ್ಲಿಪ್ ಇಕ್ಕಳದಿಂದ ಜಾರಿ ಹಾರುತ್ತದೆ, ಕಣ್ಣಿಗೆ ಕನ್ನಡಕ ಇರಲಿ. ಬಲ ಹೋದ ಸ್ಪ್ರಿಂಗ್ ಬದಲು ಸ್ಕ್ರೂ ಇರುವ ಪಟ್ಟಿ ಕ್ಲಿಪ್ ಹಾಕಬಹುದು. ಆದರೆ ಬಿಗಿ ಮಾಡುವಾಗ ರಬ್ಬರ್ ಪಟ್ಟಿಯ ಎರಡೂ ಬದಿ ಉಬ್ಬುವಷ್ಟು ಮಾಡಬೇಡಿ, ಅದು ಹೋಸನ್ನೇ ಕತ್ತರಿಸುತ್ತದೆ. ಹೊಸ ಹೋಸ್ ಏರದಿದ್ದರೆ ತುದಿಯನ್ನು ಬಿಸಿ ನೀರಲ್ಲಿ ಅದ್ದಿ, ಸೋಪಿನ ನೀರು ಸವರಿ. ಎಣ್ಣೆ, ಗ್ರೀಸ್ ಬೇಡ. ರಬ್ಬರ್ ಊದಿಕೊಳ್ಳುತ್ತದೆ.

ನಲ್ಲಿ ಕಡೆಯ ಜೋಡಣೆ. ಎಲ್ಲರೂ ಮಾಡುವ ತಪ್ಪು ಇದು: ಥ್ರೆಡ್ಡಿಗೆ ಟೆಫ್ಲಾನ್ ಟೇಪ್ ಸುತ್ತಿ ಸುತ್ತಿ, ಸ್ಪ್ಯಾನರ್ ಹಾಕಿ ಬಿಗಿಯುವುದು. ಇಲ್ಲಿ ನೀರು ತಡೆಯುವುದು ಥ್ರೆಡ್ ಅಲ್ಲ, ಒಳಗಿನ ರಬ್ಬರ್ ವಾಷರ್. ಅದು ಗಟ್ಟಿಯಾಗಿದ್ದರೆ ಎಷ್ಟು ಟೇಪ್ ಸುತ್ತಿದರೂ ಅಷ್ಟೇ. ವಾಷರ್ ಬದಲಿಸಿ, ಕೈಯಲ್ಲಿ ಬಿಗಿ ಮಾಡಿ, ಆಮೇಲೆ ಕಾಲು ಸುತ್ತು ಮಾತ್ರ ಸ್ಪ್ಯಾನರ್.

ಇನ್‌ಲೆಟ್ ವಾಲ್ವ್ ಮತ್ತು ಮಿತಿಮೀರಿ ತುಂಬುವ ನೀರು. ಮೆಷಿನ್ ನೀರು ತುಂಬುತ್ತಿರುವಾಗ ಪ್ಲಗ್ ಇರುವ ಸ್ವಿಚ್ ಆಫ್ ಮಾಡಿ. ನೀರು ನಿಲ್ಲದೆ ಬರುತ್ತಲೇ ಇದ್ದರೆ ವಾಲ್ವ್ ಒಳಗೆ ಕಸ ಕೂತಿದೆ ಅಥವಾ ಅದರ ರಬ್ಬರ್ ಪೊರೆ ಹೋಗಿದೆ. ಬಾಯಿಯ ಪುಟ್ಟ ಜಾಲರಿಯನ್ನು ಹಳೆಯ ಬ್ರಷ್‌ನಿಂದ ತೊಳೆಯಿರಿ. ಆಗಲೂ ನಿಲ್ಲದಿದ್ದರೆ ವಾಲ್ವ್ ಬದಲಿಸಿ.

ಸ್ವಿಚ್ ಆಫ್ ಮಾಡಿದ ಕೂಡಲೇ ನೀರು ನಿಂತರೆ ವಾಲ್ವ್ ಚೆನ್ನಾಗಿಯೇ ಇದೆ. "ಸಾಕು, ನಿಲ್ಲಿಸು" ಅಂತ ಅದಕ್ಕೆ ಹೇಳುವವರು ಇಲ್ಲ ಅಷ್ಟೇ. ಹೇಳಬೇಕಾದದ್ದು ಪ್ರೆಶರ್ ಸ್ವಿಚ್. ಟಬ್ಬಿನ ಬುಡದಿಂದ ಒಂದು ಸಣ್ಣ ಕೊಳವೆ ಮೇಲಿನ ಈ ಸ್ವಿಚ್‌ಗೆ ಹೋಗಿರುತ್ತದೆ. ನೀರು ಏರಿದಂತೆ ಕೊಳವೆಯ ಗಾಳಿ ಒತ್ತಿಕೊಂಡು ಸ್ವಿಚ್ ತಳ್ಳುತ್ತದೆ. ಕೊಳವೆ ಸೀಳಿದರೆ ಗಾಳಿ ಹೊರಗೆ ಹೋಗುತ್ತದೆ, ಮೆಷಿನ್‌ಗೆ ಟಬ್ ಇನ್ನೂ ಖಾಲಿ ಅಂತಲೇ ಅನ್ನಿಸುತ್ತದೆ. ಪ್ಲಗ್ ತೆಗೆದು ಕೊಳವೆಯನ್ನು ಬಿಚ್ಚಿ, ಸ್ವಿಚ್ ಕಡೆಗೆ ಮೆಲ್ಲಗೆ ಊದಿ. "ಟಿಕ್" ಅಂದರೆ ಸ್ವಿಚ್ ಸರಿ, ಕೊಳವೆಯಲ್ಲಿ ಬಿರುಕೋ ಅದರ ಬುಡದಲ್ಲಿ ಸೋಪಿನ ಗಸಿಯೋ ಇದೆ. ವಾಪಸ್ ಸಿಕ್ಕಿಸುವಾಗ ಟಬ್ ಖಾಲಿ ಇರಬೇಕು. ನೀರಿದ್ದಾಗ ಸಿಕ್ಕಿಸಿದರೆ ಲೆಕ್ಕ ತಪ್ಪುತ್ತದೆ.

ಬಾಗಿಲಿನ ರಬ್ಬರ್. ಬದಲಿಸುವ ಮುಂಚೆ ಒದ್ದೆ ಬಟ್ಟೆಯಿಂದ ಬಾಗಿಲಿನ ಗಾಜಿನ ಸುತ್ತ ಉಜ್ಜಿ. ಅಲ್ಲಿ ಕಟ್ಟಿದ ಸೋಪಿನ ಪೊರೆಯೇ ಸಾಕು, ರಬ್ಬರ್ ಸರಿಯಾಗಿ ಕೂರುವುದಿಲ್ಲ. ರಬ್ಬರಿನ ಕೆಳಗಿನ ಮಡಿಕೆ ಬಿಡಿಸಿ ನೋಡಿ. ನಾಣ್ಯ, ಪಿನ್ನು, ಗುಂಡಿ ಏನಾದರೂ ಸಿಗುತ್ತದೆ. ಬಾಗಿಲನ್ನು ಅರ್ಧ ತೆರೆದು ಮೇಲಕ್ಕೆತ್ತಿ ನೋಡಿ. ಅದು ಎದ್ದು ಕೂತರೆ ಕೀಲು ಸಡಿಲ, ರಬ್ಬರ್ ಮೇಲೆ ಸುಮ್ನೆ ಅಪವಾದ.

ರಬ್ಬರ್ ಹರಿದಿದ್ದರೆ, ಅದೂ ಕೆಳಭಾಗದಲ್ಲಿ, ಅಂಟು ಹಚ್ಚುವ ಆಸೆ ಬಿಡಿ. ನಾಲ್ಕು ಒಗೆತಕ್ಕೆ ಏಳುತ್ತದೆ. ಹೊಸದನ್ನು ಹಾಕುವಾಗ ನೀರು ಇಳಿಯುವ ಸಣ್ಣ ತೂತುಗಳು ಕೆಳಗೆ ಬರಬೇಕು. ಮೇಲಿನ ಗುರುತು ಟಬ್ಬಿನ ಗುರುತಿಗೆ ನೇರ ಇರಬೇಕು.

ಪಂಪ್. ಮೊದಲು ಫಿಲ್ಟರ್ ಮುಚ್ಚಳ ತೆಗೆಯಿರಿ, ಕೆಳಗೆ ತಟ್ಟೆ ಇಟ್ಟುಕೊಂಡು. ಮುಚ್ಚಳದ ರಬ್ಬರ್ ಉಂಗುರದ ಮೇಲೆ ಒಂದು ಕೂದಲು ಸಿಕ್ಕಿದ್ದರೂ ಸೋರುತ್ತದೆ. ಅಲ್ಲಿ ಒಣಗಿದ್ದು, ಮೋಟಾರೂ ಪಂಪಿನ ದೇಹವೂ ಕೂಡುವ ಕಡೆಯಿಂದ ಹನಿ ಬರುತ್ತಿದ್ದರೆ ಒಳಗಿನ ಸೀಲ್ ಹೋಗಿದೆ. ಹೊರಗಿನಿಂದ ಅಂಟು ಮೆತ್ತಿ ಉಪಯೋಗವಿಲ್ಲ. ಪಂಪನ್ನೇ ಬದಲಿಸುವುದು ವಾಸಿ.

ತುಕ್ಕಿನ ತೂತು. ಕಬ್ಬಿಣದ ಟಬ್ಬಿನಲ್ಲಿ ಸೂಜಿ ಮೊನೆಯಷ್ಟು ತೂತು ಇದ್ದರೆ ಸ್ಯಾಂಡ್‌ಪೇಪರಿನಿಂದ ಹೊಳೆಯುವ ಲೋಹ ಕಾಣುವ ತನಕ ಉಜ್ಜಿ, ಪೂರ್ತಿ ಒಣಗಿಸಿ, ಎರಡು ಬಗೆಯದನ್ನು ಕಲಸಿ ಹಚ್ಚುವ ಎಪಾಕ್ಸಿ ಅಂಟು ಹಾಕಿ. 24 ಗಂಟೆ ಮುಟ್ಟಬೇಡಿ. ಸ್ಕ್ರೂಡ್ರೈವರ್‌ನಿಂದ ಮೆಲ್ಲಗೆ ಒತ್ತಿದರೆ ಸುತ್ತಲಿನ ತಗಡು ಹಪ್ಪಳದ ಹಾಗೆ ಮುರಿದರೆ ಆ ಟಬ್ ಉಳಿಯುವುದಿಲ್ಲ. ಪ್ಲಾಸ್ಟಿಕ್ ಟಬ್ ಸಾಮಾನ್ಯವಾಗಿ ಪಾಲಿಪ್ರೊಪಿಲೀನ್, ಅದಕ್ಕೆ ಎಪಾಕ್ಸಿ ಸರಿಯಾಗಿ ಹಿಡಿಯುವುದಿಲ್ಲ. ವಿನೆಗರ್ ವಾಸನೆ ಬರುವ ಸಿಲಿಕೋನ್ ಅಂಟನ್ನು ಲೋಹದ ಮೇಲೆ ಹಾಕಬೇಡಿ, ಅದು ಲೋಹವನ್ನು ತಿನ್ನುತ್ತದೆ.

ಟಬ್ ಸೀಲ್ ಮತ್ತು ಬೇರಿಂಗ್. ಇದು ದೊಡ್ಡ ಕೆಲಸ. ಡ್ರಮ್ (ಟಬ್ಬಿನ ಒಳಗೆ ಬಟ್ಟೆ ಹಿಡಿದು ತಿರುಗುವ ಪಾತ್ರೆ) ತಿರುಗುವ ದಂಡ ಟಬ್ಬಿನ ಗೋಡೆ ದಾಟಿ ಹೊರಗೆ ಬರುವ ಕಡೆ ನೀರು ತಡೆಯಲು ಒಂದು ರಬ್ಬರ್ ಸೀಲ್, ಅದರ ಹಿಂದೆ ಬೇರಿಂಗ್. ಸೀಲ್ ಹೋದರೆ ನೀರು ಬೇರಿಂಗ್‌ಗೆ ನುಗ್ಗಿ ಗ್ರೀಸ್ ತೊಳೆದುಹಾಕುತ್ತದೆ. ಟಬ್ಬಿನ ಹಿಂದೆ ನಡುಮಧ್ಯದಿಂದ ಕೆಳಗೆ ಹರಡಿದ ಕೆಂಚು ಗೆರೆ, ಹಿಂಡುವಾಗ ವಿಮಾನ ಏರಿದಂಥ ಸದ್ದು, ಖಾಲಿ ಡ್ರಮ್ಮಿನ ಅಂಚು ಹಿಡಿದು ಮೇಲಕ್ಕೆತ್ತಿದರೆ ಲೊಡಲೊಡ ಅನ್ನುವುದು, ಈ ಮೂರರಲ್ಲಿ ಎರಡು ಇದ್ದರೂ ನಿರ್ಧಾರ ಮಾಡಬಹುದು.

ಸೀಲ್ ಮಾತ್ರ ಬದಲಿಸಿ ಬೇರಿಂಗ್ ಹಾಗೇ ಬಿಡಬೇಡಿ. ಅಲ್ಲಾಡುವ ದಂಡ ಹೊಸ ಸೀಲನ್ನೂ ಬೇಗ ತಿಂದುಹಾಕುತ್ತದೆ. ಎರಡನ್ನೂ ಒಟ್ಟಿಗೆ ಬದಲಿಸಿ.

"ಪಾರ್ಟ್ ಸಿಗಲ್ಲ" ಅನ್ನುವ ಮಾತಿಗೆ ಉತ್ತರ ಇರುವುದು ಇಲ್ಲಿ. ಬೇರಿಂಗಿನ ಅಂಚು ಒರೆಸಿದರೆ 6204, 6205 ಇಂಥದ್ದೊಂದು ನಂಬರ್ ಕಾಣುತ್ತದೆ. ಇದು ಮೆಷಿನ್ ಕಂಪನಿಯ ನಂಬರ್ ಅಲ್ಲ, ಎಲ್ಲ ಕಡೆ ಒಂದೇ ಅರ್ಥ ಇರುವ ಅಳತೆಯ ನಂಬರ್. 6205 ಅಂದರೆ ಒಳ ವ್ಯಾಸ 25, ಹೊರ ವ್ಯಾಸ 52, ದಪ್ಪ 15 ಮಿ.ಮೀ. ಮೆಷಿನ್ ಮಾಡಿದ ಕಂಪನಿ ಮುಚ್ಚಿಹೋಗಿದ್ದರೂ ಈ ಬೇರಿಂಗ್ ಬೇರಿಂಗ್ ಅಂಗಡಿಯಲ್ಲಿ ಸಿಗುತ್ತದೆ. ನೀರು ನುಗ್ಗದಂತೆ ಎರಡೂ ಬದಿ ರಬ್ಬರ್ ಮುಚ್ಚಳ ಇರುವುದನ್ನೇ ಕೇಳಿ. ಸೀಲಿನ ಮೇಲೂ ಹೆಚ್ಚಾಗಿ 30-52-10 ಎಂಬಂತೆ ಮೂರು ಅಂಕಿ ಇರುತ್ತವೆ: ಒಳ ವ್ಯಾಸ, ಹೊರ ವ್ಯಾಸ, ದಪ್ಪ. ಅಂಕಿ ಅಳಿಸಿದ್ದರೆ ವರ್ನಿಯರ್ ಕ್ಯಾಲಿಪರ್‌ನಿಂದ ಅಳೆಯಿರಿ. ಸೀಲಿಗಿಂತ ಅದು ಕೂರುವ ಕುಳಿಯನ್ನು, ದಂಡವನ್ನು ಅಳೆಯುವುದು ಮೇಲು, ಹಳೆಯ ರಬ್ಬರ್ ಕುಗ್ಗಿರುತ್ತದೆ.

ಬಿಚ್ಚುವಾಗ ಎರಡು ಎಚ್ಚರಿಕೆ. ಕೆಲವು ಟಾಪ್ ಲೋಡ್‌ಗಳಲ್ಲಿ ಟಬ್ಬಿನ ನಟ್‌ಗೆ ಉಲ್ಟಾ ಥ್ರೆಡ್ ಇರುತ್ತದೆ. ಬಲ ಹಾಕುವ ಮುಂಚೆ ಅದು ಯಾವ ಕಡೆ ತಿರುಗುವಂಥದ್ದು ಅಂತ ಥ್ರೆಡ್ ನೋಡಿ ಖಚಿತ ಮಾಡಿಕೊಳ್ಳಿ. ದಂಡದ ಬರಿ ತುದಿಗೆ ಸುತ್ತಿಗೆಯಿಂದ ಹೊಡೆಯಬೇಡಿ, ತುದಿ ಅಗಲವಾದರೆ ಹೊರಗೂ ಬರುವುದಿಲ್ಲ, ಒಳಗೂ ಹೋಗುವುದಿಲ್ಲ. ಬೋಲ್ಟನ್ನು ಮತ್ತೆ ಅರ್ಧ ತಿರುಗಿಸಿ ಹಾಕಿ, ಮರದ ತುಂಡು ಇಟ್ಟು ತಟ್ಟಿ.

ಹೊಸ ಸೀಲ್ ಹಾಕುವ ಮುಂಚೆ ದಂಡದ ಮೇಲೆ ಸೀಲ್ ಉಜ್ಜುವ ಜಾಗದಲ್ಲಿ ಉಗುರು ಓಡಿಸಿ. ಉಗುರು ಸಿಕ್ಕಿಕೊಳ್ಳುವಷ್ಟು ಗೀರು ಬಿದ್ದಿದ್ದರೆ ಹೊಸ ಸೀಲೂ ಸೋರುತ್ತದೆ. ಅಲ್ಲಿರುವ ಹಿತ್ತಾಳೆ ಬಳೆಯನ್ನು ಬದಲಿಸಬೇಕು, ಇಲ್ಲವೇ ಲೇತ್ ಕೆಲಸದವರಿಂದ ಹೊಸದು ಮಾಡಿಸಬೇಕು. ಡ್ರಮ್ ಹಿಂದೆ ಮೂರು ಕೈಗಳ ಅಲ್ಯುಮಿನಿಯಂ ಚೌಕಟ್ಟು ಇದ್ದರೆ ಅದನ್ನೂ ನೋಡಿ. ಉದುರುತ್ತಿದ್ದರೆ ಮುಂದುವರಿಯಬೇಡಿ. ಆ ಕೈ ಹಿಂಡುವಾಗ ಮುರಿದರೆ ಮೆಷಿನ್ ಒಳಗೆಲ್ಲ ಚಿಂದಿ.

ಎಣ್ಣೆ ಸೋರುತ್ತಿದ್ದರೆ, ಅಂದರೆ ಟಾಪ್ ಲೋಡಿನ ಗೇರ್‌ಬಾಕ್ಸ್ ಸೀಲ್ ಹೋಗಿದ್ದರೆ, ಅದನ್ನು ಮನೆಯಲ್ಲಿ ಬಿಚ್ಚಿ ಅಂತ ನಾನು ಹೇಳುವುದಿಲ್ಲ. ಹಳೆಯ ಮೆಷಿನ್ ಬಲ್ಲ ಮೆಕ್ಯಾನಿಕ್ ಹತ್ತಿರ ಕೊಡಿ.

7. ಮುಚ್ಚುವ ಮುನ್ನ

ಮೊದಲು ಕರೆಂಟ್ ಇಲ್ಲದೆ ಬಕೆಟ್ ನೀರು. ಆಮೇಲೆ ಹಲಗೆಯನ್ನು ಎರಡೇ ಸ್ಕ್ರೂ ಹಾಕಿ ನಿಲ್ಲಿಸಿ, ಬಟ್ಟೆ ಇಲ್ಲದೆ ಒಂದು ಸುತ್ತು. ಆಮೇಲೆ ಬಟ್ಟೆ ಹಾಕಿ ಒಂದು ಸುತ್ತು, ಯಾಕೆಂದರೆ ತೂಕ ಬಿದ್ದಾಗ ಟಬ್ ಬೇರೆ ರೀತಿ ಕುಲುಕುತ್ತದೆ. ಪ್ರತಿ ಸಲವೂ ಹೊಸ ಪೇಪರ್. ಹಳೆಯದರ ಕಲೆ ನೋಡಿ ಗಾಬರಿಯಾಗುವುದು ಬೇಡ.

ಡ್ರೈನ್ ಹೋಸಿನ ತುದಿ ನೆಲದ ಮೇಲೆ ಬಿದ್ದಿಲ್ಲ ಅಂತಲೂ ನೋಡಿ. ಪಂಪ್ ಇರುವ ಮೆಷಿನ್ ಆದರೆ ಅದು 60ರಿಂದ 100 ಸೆಂ.ಮೀ. ಎತ್ತರದಲ್ಲಿರಬೇಕು. ಕೆಳಗಿದ್ದರೆ ತುಂಬುತ್ತಿರುವಾಗಲೇ ನೀರು ತಾನಾಗಿ ಹರಿದುಹೋಗುತ್ತದೆ. ಅದನ್ನು ಸೋರಿಕೆ ಅಂದುಕೊಂಡು ಮತ್ತೆ ಎಲ್ಲ ಬಿಚ್ಚಿದವರಿದ್ದಾರೆ.

ಕೊನೆಗೆ ಮೆಷಿನ್ ಆಫ್ ಮಾಡಿ, ನಲ್ಲಿ ಮಾತ್ರ ತೆರೆದಿಟ್ಟು, ಕೆಳಗೆ ಹೊಸ ಪೇಪರ್ ಹಾಸಿ ಮಲಗಿ. ಬೆಳಗ್ಗೆ ಪೇಪರೂ ಟಬ್ಬಿನ ತಳವೂ ಒಣಗಿದ್ದರೆ ಉಳಿದ ಸ್ಕ್ರೂಗಳನ್ನು ಹಾಕಿ, ಮೆಷಿನ್ನನ್ನು ಗೋಡೆಗೆ ತಳ್ಳಬಹುದು. ಹೋಸ್ ಹಿಂದೆ ಸಿಕ್ಕಿ ಮಡಚಿಕೊಳ್ಳದ ಹಾಗೆ ಒಂದು ಗೇಣು ಜಾಗ ಬಿಡಿ.